ಅಫಜಲಪುರ: ಭೀಮೆಯ ಎಡದಂಡೆಯ ಎರಿನಾಡು

ಕಲಬುರಗಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಮಹಾರಾಷ್ಟ್ರಕ್ಕೆ ಹೊಂದಿಕೊಂಡಿರುವ ತಾಲ್ಲೂಕು ಅಫಜಲಪುರ. ವಿಸ್ತೀರ್ಣ ಸುಮಾರು 1,300 ಚದರ ಕಿಲೋಮೀಟರ್. ವಾಯವ್ಯಕ್ಕೆ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಉತ್ತರಕ್ಕೆ ಆಳಂದ, ಪೂರ್ವಕ್ಕೆ ಕಲಬುರಗಿ, ಆಗ್ನೇಯಕ್ಕೆ ಜೇವರ್ಗಿ. ದಕ್ಷಿಣಕ್ಕೂ ನೈಋತ್ಯಕ್ಕೂ ಭೀಮಾ ನದಿಯೇ ಗಡಿ; ಹೊಳೆ ದಾಟಿದರೆ ವಿಜಯಪುರ ಜಿಲ್ಲೆ. ಹೀಗಾಗಿ ತಾಲ್ಲೂಕಿನ ಹಳ್ಳಿಗಳೆಲ್ಲ ಒಂದೇ ಕಡೆ ಮುಖ ಮಾಡಿಲ್ಲ. ಗೊಬ್ಬೂರ (ಬಿ), ಚವಡಾಪುರ ಕಡೆಯವರು ಆಸ್ಪತ್ರೆ, ಕಾಲೇಜು, ಅಡತಿ ಅಂಗಡಿಗಳಿಗೆ ಕಲಬುರಗಿಗೆ ಹೋಗುತ್ತಾರೆ. ಮಾಶಾಳ, ಕರಜಗಿ ಕಡೆಯವರಿಗೆ ದುಧನಿ, ಸೊಲ್ಲಾಪುರದ ಪೇಟೆಗಳೇ ಹತ್ತಿರ. ಅಕ್ಕಲಕೋಟೆ ತಾಲ್ಲೂಕಿನಲ್ಲಿ ಕನ್ನಡ ಮನೆಮಾತಿನವರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಕನ್ನಡ ಶಾಲೆಗಳೂ ಇವೆ. ಆದ್ದರಿಂದ ನಕ್ಷೆಯಲ್ಲಿ ಕಾಣುವ ರಾಜ್ಯದ ಗೆರೆ ಬೀಗತನಕ್ಕಾಗಲಿ ವ್ಯಾಪಾರಕ್ಕಾಗಲಿ ಅಡ್ಡಬಂದಿಲ್ಲ.

ನೆಲದಡಿ ಇರುವುದು ದಖನ್ನಿನ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಂಡೆ. ಅದು ಸವೆದು ಉಂಟಾದ ಎರಿಮಣ್ಣೇ ತಾಲ್ಲೂಕಿನ ಆಸ್ತಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ನೆಲ ಮಳೆ ಬಿದ್ದೊಡನೆ ಉಬ್ಬಿ ಕೂಡಿಕೊಳ್ಳುತ್ತದೆ, ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ನೆಚ್ಚಲಾಗದ ಮಳೆ. ಆದರೂ ಇಲ್ಲಿ ಬೇಸಾಯ ಸಾಗಿಬಂದಿರುವುದು ಮಣ್ಣಿನ ಈ ಗುಣದಿಂದ. ಮಳೆಗಾಲ ಮುಗಿಯುತ್ತ ಬಂದಾಗ ಬಿತ್ತುವ ಹಿಂಗಾರಿ ಬಿಳಿಜೋಳ ಮತ್ತು ಕಡಲೆ ಬಹುಮಟ್ಟಿಗೆ ನೆಲದ ಹಸಿಯಲ್ಲೇ ಬೆಳೆದು ತೆನೆಗೆ, ಕಾಯಿಗೆ ಬರುತ್ತವೆ.

ಮುಂಗಾರಿನ ಮುಖ್ಯ ಬೆಳೆ ತೊಗರಿ. ಜೂನ್-ಜುಲೈನಲ್ಲಿ ಬಿತ್ತಿದ್ದು ರಾಶಿಗೆ ಬರುವುದು ಡಿಸೆಂಬರ್-ಜನವರಿಯಲ್ಲಿ. ಬೇರು ಆಳಕ್ಕೆ ಇಳಿಯುವುದರಿಂದ ನಡುವೆ ಮಳೆ ಕೈಕೊಟ್ಟರೂ ಗಿಡ ತಡೆದುಕೊಳ್ಳುತ್ತದೆ. ಈ ಭಾಗದ ಬೇಳೆ ಬೇಗ ಬೇಯುತ್ತದೆ, ರುಚಿಯೂ ಬೇರೆ ಎಂಬ ಹೆಸರು ಮೊದಲಿನಿಂದ ಇತ್ತು. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ತೊಗರಿಯ ದೊಡ್ಡ ಶತ್ರು ನೆಟೆ ರೋಗ. ಮಣ್ಣಿನಲ್ಲೇ ಉಳಿಯುವ ಶಿಲೀಂಧ್ರ ಬೇರಿನಿಂದ ಏರಿ ನೀರಿನ ದಾರಿಯನ್ನು ಕಟ್ಟಿಹಾಕುತ್ತದೆ. ಹೂ-ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ನಿಂತಲ್ಲಿ ಒಣಗುತ್ತದೆ. ರೋಗ ತಡೆಯುವ ತಳಿಗಳು ಬಂದಿದ್ದರೂ ಒಂದೇ ನೆಲದಲ್ಲಿ ವರ್ಷ ವರ್ಷವೂ ತೊಗರಿಯನ್ನೇ ಹಾಕಿದರೆ ರೋಗ ಮರಳಿ ಬರುತ್ತದೆ. ಹಿರಿಯರು ತೊಗರಿಯ ಸಾಲುಗಳ ನಡುವೆ ಹೆಸರು, ಸಜ್ಜೆ ಹಾಕುತ್ತಿದ್ದುದು ಬರಗಾಲಕ್ಕೆ ಮಾಡಿಕೊಂಡ ಏರ್ಪಾಡು, ಅದನ್ನು ಮರೆಯಬಾರದಿತ್ತು. ಆ ರೂಢಿ ಮರೆತರೂ, ಎಳ್ಳ ಅಮಾಸಿಯ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿ ಉಣ್ಣುವ ಹಬ್ಬ ಇಂದಿಗೂ ತಪ್ಪಿಲ್ಲ.

ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇಷ್ಟು ದೊಡ್ಡ ಹೊಳೆ ಗಡಿಯುದ್ದಕ್ಕೂ ಹರಿದರೂ ಅಫಜಲಪುರ ಬಹುಪಾಲು ಒಣಬೇಸಾಯದ ತಾಲ್ಲೂಕಾಗಿಯೇ ಉಳಿದಿದೆ. ಹೊಳೆಯ ನೀರು ಮೇಲಿನ ಮಹಾರಾಷ್ಟ್ರದ ಕೈಯಲ್ಲಿರುವುದು ಇದಕ್ಕೆ ದೊಡ್ಡ ಕಾರಣ. ಅಲ್ಲಿ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟೆ ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಕೃಷ್ಣಾ ನೀರಿನ ಹಂಚಿಕೆ ಮಾಡಿದ ಬಚಾವತ್ ನ್ಯಾಯಮಂಡಳಿ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕದ ಬಳಕೆಗೆ ಹಾಕಿಕೊಟ್ಟ ಮಿತಿ 15 ಟಿಎಂಸಿ. ತಾಲ್ಲೂಕಿನ ಸೊನ್ನ ಗ್ರಾಮದ ಬಳಿ ಭೀಮೆಗೆ ಬ್ಯಾರೇಜು ಕಟ್ಟಿ, ಬಳೂಂಡಗಿ ಮತ್ತು ಅಳ್ಳಗಿ (ಬಿ) ಕಾಲುವೆಗಳಿಗೆ ನೀರೆತ್ತುವ ಭೀಮಾ ಏತ ನೀರಾವರಿ ಯೋಜನೆ ಈ ಪಾಲಿನ ಮೇಲೆ ನಿಂತಿದೆ. ಯೋಜನೆಯ ಗುರಿ ಸುಮಾರು 24 ಸಾವಿರ ಹೆಕ್ಟೇರ್. ಹೊಳೆದಂಡೆಯ ಊರುಗಳಲ್ಲಿ ಕಬ್ಬು ಹಬ್ಬಿದ್ದು ಈ ನೀರಿನಿಂದ, ಹವಳಗಾದಲ್ಲಿ ಸಕ್ಕರೆ ಕಾರ್ಖಾನೆ ಬಂದದ್ದು ಕಬ್ಬಿನ ಬೆನ್ನಿಗೆ.

ಇದೇ ಹೊಳೆ ಒಂದೇ ವರ್ಷದಲ್ಲಿ ಎರಡು ತೆರನಾಗಿ ಕಾಡುತ್ತದೆ. ಉಜನಿ ತುಂಬಿ ಗೇಟು ತೆರೆದರೆ ದಂಡೆಯ ಹಳ್ಳಿಗಳು ಮುಳುಗುತ್ತವೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ಎರಡೂ ಕಡೆ ಮನೆ, ಬೆಳೆ, ಮೇಲ್ಮಣ್ಣು ಕೊಚ್ಚಿಹೋದವು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ನೀರು ಊರು ಹೊಕ್ಕಿತು. ಬೇಸಿಗೆಯಲ್ಲಿ ಅದೇ ಪಾತ್ರ ಬಣಗುಟ್ಟುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವುದಕ್ಕಾದರೂ ಉಜನಿಯಿಂದ ನೀರು ಬಿಡಿಸಿ ಎಂದು ಅಫಜಲಪುರದಲ್ಲಿ ಉಪವಾಸ ಕೂಡಬೇಕಾಯಿತು.

ಇತಿಹಾಸದ ದಾರಿ ಜಿಲ್ಲೆಯ ಉಳಿದ ಭಾಗದ್ದೇ. ಮಾನ್ಯಖೇಟದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚೂರಿಗಳು, ದೇವಗಿರಿಯ ಯಾದವರು ಸರದಿಯಂತೆ ಆಳಿದರು. 1347ರಲ್ಲಿ ಕಲಬುರಗಿಯೇ ಬಹಮನಿ ರಾಜಧಾನಿಯಾಯಿತು. ಆಮೇಲೆ ಬಿಜಾಪುರದ ಆದಿಲಶಾಹಿಗಳು, 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮೊಗಲರು, 18ನೆಯ ಶತಮಾನದಲ್ಲಿ ಹೈದರಾಬಾದಿನ ನಿಜಾಮರು. ನಿಜಾಮರ ಕಾಲದ ಗುರುತು ಊರಹೆಸರುಗಳಿಗೆ ಅಂಟಿದೆ: ಗೊಬ್ಬೂರ (ಬಿ), ಅಳ್ಳಗಿ (ಬಿ), ರೇವೂರ (ಬಿ) ಎಂಬಲ್ಲಿನ ‘ಬಿ’ ಕಂದಾಯ ದಫ್ತರದಲ್ಲಿ ದೊಡ್ಡ ಊರನ್ನು ಸೂಚಿಸುತ್ತಿದ್ದ ಬುಜುರ್ಗ್, ‘ಕೆ’ ಎಂದರೆ ಚಿಕ್ಕದಾದ ಖುರ್ದ್. ಮುಂಬಯಿ-ಮದರಾಸು ರೈಲು ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಾಗ ಈ ಸೀಮೆಗೂ ಹಳಿ ಬಂತು. ಗಾಣಗಾಪುರ ರೋಡ್ ನಿಲ್ದಾಣ ಆ ಮಾರ್ಗದಲ್ಲಿದೆ. 1947ರಲ್ಲಿ ದೇಶ ಸ್ವತಂತ್ರವಾದರೂ ಇಲ್ಲಿಯವರು ಇನ್ನೂ 13 ತಿಂಗಳು ನಿಜಾಮರ ಆಳ್ವಿಕೆಯಲ್ಲೇ, ಅವರ ಪರ ನಿಂತ ರಜಾಕಾರ ಪಡೆಯ ಹಾವಳಿಯಲ್ಲಿ ಬದುಕಿದರು. ಗಡಿಯಾಚೆ ಮುಂಬಯಿ ಪ್ರಾಂತ್ಯದ ನೆಲದಲ್ಲಿ ಶಿಬಿರ ಹೂಡಿ ಹೋರಾಟಗಾರರು ಸೆಣಸಿದರು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು, 1956ರ ನವೆಂಬರ್ 1ರಂದು ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು.

ತಾಲ್ಲೂಕಿನ ಹೆಸರನ್ನು ದೂರ ಒಯ್ದದ್ದು ದೇವಲ ಗಾಣಗಾಪುರ. ದತ್ತಾತ್ರೇಯನ ಅವತಾರವೆಂದು ನಂಬಲಾದ ನರಸಿಂಹ ಸರಸ್ವತಿಯವರು 15ನೆಯ ಶತಮಾನದಲ್ಲಿ ಇಲ್ಲಿ ಬಹುಕಾಲ ನೆಲೆಸಿ, ಕೊನೆಗೆ ಶ್ರೀಶೈಲದ ಕಡೆ ಹೊರಟುಹೋದರೆಂದು ಪರಂಪರೆ ಹೇಳುತ್ತದೆ. ಅವರು ಬಿಟ್ಟುಹೋದ ನಿರ್ಗುಣ ಪಾದುಕೆಗಳಿಗೆ ಇಲ್ಲಿನ ಮಠದಲ್ಲಿ ಪೂಜೆ. ಮಠದಿಂದ ಸ್ವಲ್ಪ ದೂರದಲ್ಲಿ ಆಳಂದ ಕಡೆಯಿಂದ ಬರುವ ಅಮರ್ಜಾ ನದಿ ಭೀಮೆಯನ್ನು ಸೇರುತ್ತದೆ. ಸಂಗಮದಲ್ಲಿ ಮಿಂದು, ಅತ್ತಿಮರದ ಕೆಳಗೆ ಗುರುಚರಿತ್ರೆ ಪಾರಾಯಣಕ್ಕೆ ಕೂಡುವವರು ವರ್ಷವಿಡೀ ಇರುತ್ತಾರೆ. ಮರಾಠಿಯಲ್ಲಿ ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಮನೆತನದ ಊರು ಪಕ್ಕದ ಆಳಂದ ತಾಲ್ಲೂಕಿನ ಕಡಗಂಚಿ. ಮಧ್ಯಾಹ್ನ ಐದು ಮನೆ ಬೇಡಿ ಉಣ್ಣುವ ಮಧುಕರಿ ವ್ರತ ಇಲ್ಲಿ ಬಡವ-ಬಲ್ಲಿದನೆನ್ನದೆ ಎಲ್ಲರದು. ಭೀಮೆಯ ದಂಡೆಯಲ್ಲೇ ಇರುವ ಘತ್ತರಗಿಯ ಭಾಗ್ಯವಂತಿ ಗುಡಿಯಲ್ಲಿ ಅಮಾಸಿ-ಹುಣ್ಣಿಮೆಗೆ, ಮಣ್ಣೂರಿನ ಯಲ್ಲಮ್ಮನ ಗುಡಿಯಲ್ಲಿ ಜಾತ್ರೆಗೆ ಜನ ಸೇರುತ್ತಾರೆ.

2011ರ ಜನಗಣತಿಯಂತೆ ತಾಲ್ಲೂಕಿನ ಜನಸಂಖ್ಯೆ ಎರಡು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಪಟ್ಟಣವೆಂದು ಹೇಳಬಹುದಾದ್ದು ಅಫಜಲಪುರ ಒಂದೇ. ಬಹುಪಾಲು ಮನೆಮಾತು ಕನ್ನಡ. ಉರ್ದು, ಮರಾಠಿ, ತಾಂಡಾಗಳ ಲಂಬಾಣಿ ಜೊತೆಗಿವೆ. ಆ ಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75ಕ್ಕೆ ಏರಿದ್ದಾಗ ಕಲಬುರಗಿ ಜಿಲ್ಲೆಯದು ಶೇ 65ರ ಹತ್ತಿರ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಅಫಜಲಪುರ, ಆಳಂದ, ಜೇವರ್ಗಿ ಮೂರೂ ಇದ್ದವು. ಸಂವಿಧಾನದ 371 (ಜೆ) ವಿಧಿಯಿಂದ ಶಿಕ್ಷಣ ಮತ್ತು ನೌಕರಿಯಲ್ಲಿ ಮೀಸಲಾತಿ ಬಂದದ್ದು ಓದಿದ ಮಕ್ಕಳಿಗೆ ದೊಡ್ಡ ಆಸರೆ. ಓದು ನಡುವೆ ಬಿಟ್ಟವರ ಪಾಡು ಹಾಗೇ ಇದೆ: ರಾಶಿ ಮುಗಿದೊಡನೆ ಸೊಲ್ಲಾಪುರ, ಪುಣೆ, ಮುಂಬಯಿ, ಬೆಂಗಳೂರಿಗೆ ಗುಳೆ. ಅವರನ್ನು ಊರಲ್ಲೇ ನಿಲ್ಲಿಸಬಲ್ಲದ್ದು ಎರಡನೆಯ ಬೆಳೆ, ಅದಕ್ಕೆ ಬೇಕಾದ್ದು ಕಾಲುವೆಗೆ ನೀರು. ಬೇಸಿಗೆಯಲ್ಲಿ ಭೀಮೆಗೆ ಎಷ್ಟು ನೀರು, ಯಾವ ತಿಂಗಳು ಬಿಡಬೇಕೆಂಬುದನ್ನು ಎರಡೂ ರಾಜ್ಯಗಳು ಕೂತು ಬರಹದಲ್ಲಿ ನಿಗದಿ ಮಾಡಬೇಕು. ಪ್ರತಿ ಬೇಸಿಗೆಯೂ ಜನ ಉಪವಾಸ ಕೂತು ಕೇಳುವಂತಾಗಬಾರದು.