ಅಕ್ಷರದ ಹಿಂದೆ ಒಂದು ಸಂಖ್ಯೆ: ಮಕ್ಕಳಿಗೆ ಬೀಜೋಕ್ತಿ ಕಲಿಸುವ ಬಗೆ



ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಿಂದ ಬರುವ ಅರ್ಜಿಗಳ ಜೊತೆಗಿರುವ ಅಂಕಪಟ್ಟಿಗಳನ್ನು ನೋಡುವಾಗ ಒಂದು ಸಂಗತಿ ನಮಗೆ ಮತ್ತೆ ಮತ್ತೆ ಕಾಣುತ್ತದೆ. ಐದನೇ ತರಗತಿಯವರೆಗೆ ಗಣಿತದಲ್ಲಿ ಚೆನ್ನಾಗಿಯೇ ಇದ್ದ ಮಗು ಏಳು, ಎಂಟನೇ ತರಗತಿಗೆ ಬರುವಾಗ ಹಿಂದೆ ಬೀಳುತ್ತದೆ. ಕೂಡುವುದು, ಕಳೆಯುವುದು, ಮಗ್ಗಿ ಎಲ್ಲವೂ ಗೊತ್ತಿರುತ್ತದೆ. ಸಂಖ್ಯೆಗಳ ನಡುವೆ ಅಕ್ಷರ ಬಂದ ಕೂಡಲೇ ಕೈ ನಿಲ್ಲುತ್ತದೆ.

ಇದರ ನಷ್ಟ ಸಣ್ಣದಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000 ರೂಪಾಯಿ ಸಿಗುತ್ತದೆ. ಅದರಲ್ಲಿ ಏಳು ಮತ್ತು ಎಂಟನೇ ತರಗತಿಯ ಗಣಿತವೂ ಸೇರಿದೆ. ಮುಂದೆ ಎಸ್‌ಎಸ್‌ಎಲ್‌ಸಿ, ಡಿಪ್ಲೊಮಾ, ವಿಜ್ಞಾನ ವಿಭಾಗದ ಪಿಯುಸಿ ಎಲ್ಲಕ್ಕೂ ಬೀಜಗಣಿತ ಬೇಕು. ಆದ್ದರಿಂದ ಈ ವರ್ಷದ ವರದಿಯಲ್ಲಿ ಆ ಪಾಠದ ಮೊದಲ ಹೆಜ್ಜೆಗಳನ್ನು ಹೆತ್ತವರಿಗೂ ಅರ್ಥವಾಗುವಂತೆ ವಿವರಿಸಲು ಪ್ರಯತ್ನಿಸಿದ್ದೇವೆ.

ಮೊದಲು ಮಾತು, ಆಮೇಲೆ ಅಕ್ಷರ

ನಮ್ಮ ಮಕ್ಕಳ ಮನೆಮಾತು ಬ್ಯಾರಿ, ನವಾಯತಿ ಅಥವಾ ಉರ್ದು. ಬೀದಿಯಲ್ಲಿ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ. 'ಬೀಜೋಕ್ತಿ', 'ಚರಾಕ್ಷರ', 'ಸಹಗುಣಕ' ಎಂಬ ಪದಗಳನ್ನು ಅವರು ಯಾವ ಮನೆಯಲ್ಲೂ ಕೇಳಿರುವುದಿಲ್ಲ. ಆದರೆ ಅವುಗಳ ಹಿಂದಿರುವ ಲೆಕ್ಕ ಎಲ್ಲ ಮನೆಗಳಲ್ಲೂ ಇದೆ.

ಬೀಜಗಣಿತಕ್ಕೆ ಇಂಗ್ಲಿಷಿನಲ್ಲಿ ಆಲ್ಜೀಬ್ರಾ ಎಂಬ ಹೆಸರು ಬಂದದ್ದು ಅರಬ್ಬಿಯ 'ಅಲ್ ಜಬ್ರ್' ಎಂಬ ಮಾತಿನಿಂದ. ಒಂಬತ್ತನೇ ಶತಮಾನದಲ್ಲಿ, ಖಲೀಫ ಅಲ್ ಮಾಮೂನ್ ಕಾಲದಲ್ಲಿ, ಬಗ್ದಾದಿನಲ್ಲಿದ್ದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಝ್ಮಿ ಬರೆದ ಗ್ರಂಥದ ಹೆಸರಿನಲ್ಲಿ ಆ ಪದವಿದೆ. ವ್ಯಾಪಾರ, ಜಮೀನಿನ ಅಳತೆ, ಆಸ್ತಿ ಪಾಲು ಇಂಥವುಗಳಿಗೆ ನೆರವಾಗಲೆಂದೇ ಅವರು ಅದನ್ನು ಬರೆದರು. ಅದರಲ್ಲಿ ಇಂದಿನಂತೆ ಚಿಹ್ನೆಗಳಿಲ್ಲ. ಗೊತ್ತಿಲ್ಲದ ಸಂಖ್ಯೆಯನ್ನು 'ಶೈ', ಅಂದರೆ 'ವಸ್ತು', ಎಂದು ಕರೆದು ಇಡೀ ಲೆಕ್ಕವನ್ನು ಮಾತಿನಲ್ಲೇ ಬಿಡಿಸಿದ್ದಾರೆ. ನಮ್ಮ ದೇಶದ ಭಾಸ್ಕರಾಚಾರ್ಯರು 1150ರ ಸುಮಾರಿಗೆ ಬರೆದ 'ಬೀಜಗಣಿತ'ದಲ್ಲಿ ಯಾವತ್ತಾವತ್, ಕಾಲಕ, ನೀಲಕ ಎಂಬ ಹೆಸರುಗಳ ಮೊದಲ ಅಕ್ಷರ ಹಿಡಿದು 'ಯಾ', 'ಕಾ', 'ನೀ' ಎಂದು ಬರೆಯುವ ಪದ್ಧತಿ ಇದೆ. ಹೀಗೆ ಮಾತು ಮೊದಲು ಬಂತು, ಅಕ್ಷರ ಆಮೇಲೆ ಬಂತು. ಮಕ್ಕಳಿಗೆ ಕಲಿಸುವಾಗಲೂ ಇದೇ ಕ್ರಮ ಒಳ್ಳೆಯದು. ಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ಇಲ್ಲಿ ನಾವು ಕನ್ನಡ ಅಕ್ಷರಗಳನ್ನೇ ಬಳಸುತ್ತೇವೆ.

ಮಲ್ಲಿಗೆಯ ಲೆಕ್ಕ

ನಮ್ಮ ಜಿಲ್ಲೆಯ ಮಲ್ಲಿಗೆ ಅಟ್ಟೆ ಲೆಕ್ಕದಲ್ಲಿ ಮಾರಾಟವಾಗುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನ ದಿನಕ್ಕೂ ಬದಲಾಗುತ್ತದೆ. ಮದುವೆ, ಹಬ್ಬದ ದಿನಗಳಲ್ಲಿ ಏರುತ್ತದೆ, ಬೇರೆ ದಿನ ಇಳಿಯುತ್ತದೆ. ಬೆಳಿಗ್ಗೆ ಹೂ ಕೊಯ್ಯುವಾಗ ಅಂದಿನ ದರ ಗೊತ್ತಿರುವುದಿಲ್ಲ. ಆದರೂ ತಾಯಿ ಹೇಳುತ್ತಾರೆ: 'ಇವತ್ತು ಮೂರು ಅಟ್ಟೆಯ ದುಡ್ಡು ಬರಬೇಕು, ಅದರಲ್ಲಿ ರಿಕ್ಷಾಕ್ಕೆ 40 ರೂಪಾಯಿ ಹೋಗುತ್ತದೆ.' ಇದೇ ಬೀಜೋಕ್ತಿ. ಒಂದು ಅಟ್ಟೆಯ ಇಂದಿನ ದರ 'ಅ' ರೂಪಾಯಿ ಎಂದಿಟ್ಟರೆ, ಕೈಗೆ ಬರುವ ಹಣ 3ಅ − 40.

ಇದರಲ್ಲಿ ಬದಲಾಗುವ 'ಅ' ಚರಾಕ್ಷರ. ಬದಲಾಗದ 40 ಸ್ಥಿರಾಂಕ. ಅಕ್ಷರದ ಮುಂದಿರುವ 3 ಸಹಗುಣಕ. 3ಅ ಎಂದರೆ 3 × ಅ. ಅ ಬದಲು 5 ಹಾಕು ಎಂದರೆ ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. ನಡುವೆ ಗುಣಾಕಾರ ಇದೆ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. 'ಅ' ಎಂದರೆ ಅಟ್ಟೆಯಲ್ಲ, ಅಟ್ಟೆಯ ದರ. ಅಕ್ಷರ ವಸ್ತುವಿನ ಹೆಸರಲ್ಲ, ಅದು ಒಂದು ಸಂಖ್ಯೆ. 'ಮೂರು ಮಾವು, ಎರಡು ಬಾಳೆ' ಎಂದು ಹಣ್ಣುಗಳನ್ನು ತೋರಿಸಿ ಕಲಿಸಿದರೆ ಆ ದಿನಕ್ಕೆ ಸುಲಭ. ಮುಂದೆ ಎರಡು ಅಕ್ಷರಗಳ ಗುಣಾಕಾರ ಬಂದಾಗ ಮಾವನ್ನು ಬಾಳೆಯಿಂದ ಗುಣಿಸುವುದು ಹೇಗೆಂದು ಮಗು ಕೇಳುತ್ತದೆ, ಇಲ್ಲವೇ ಕೇಳದೆ ಸುಮ್ಮನಾಗುತ್ತದೆ.

ಯಾವುದನ್ನು ಕೂಡಿಸಬಹುದು?

ತಾಯಿ 3 ಅಟ್ಟೆ, ಪಕ್ಕದ ಮನೆಯ ಚಿಕ್ಕಮ್ಮ 2 ಅಟ್ಟೆ ಒಂದೇ ದಿನ ಕೊಟ್ಟರೆ ಒಟ್ಟು 3ಅ + 2ಅ = 5ಅ. ದರ ಒಂದೇ, ಆದ್ದರಿಂದ ಕೂಡಿಸಬಹುದು. ಇವು ಸಜಾತಿ ಪದಗಳು. ಚಿಕ್ಕಮ್ಮ ತನ್ನ ಹೂವನ್ನು ಮರುದಿನ ಕೊಟ್ಟರೆ ದರ ಬೇರೆ. ಅದನ್ನು 'ನ' ಎನ್ನೋಣ. ಆಗ ಒಟ್ಟು 3ಅ + 2ನ. ಹೂ ಅದೇ ಮಲ್ಲಿಗೆಯಾದರೂ ಇವು ವಿಜಾತಿ ಪದಗಳು. ಇದನ್ನು 5ಅನ ಎಂದು ಬರೆಯುವಂತಿಲ್ಲ. ಉತ್ತರ ಒಂದೇ ಪದದಲ್ಲಿ ಮುಗಿಯಬೇಕು ಎಂದು ಮಕ್ಕಳಿಗೆ ಅನಿಸುತ್ತದೆ. 3ಅ + 2ನ ಎಂಬುದೇ ಪೂರ್ತಿ ಉತ್ತರ ಎಂದು ಧೈರ್ಯ ಹೇಳಬೇಕು.

ಆವರಣ ಬಿಡಿಸುವಾಗ

ಹೂ ಕೊಳ್ಳುವವರು ಪ್ರತಿ ಅಟ್ಟೆಗೆ 10 ರೂಪಾಯಿ ಹಿಡಿದುಕೊಂಡರು ಎನ್ನೋಣ. ಮೂರು ಅಟ್ಟೆಗೆ ಸಿಗುವುದು 3(ಅ − 10), ಅಂದರೆ 3ಅ − 30. ಮಕ್ಕಳು 3ಅ − 10 ಎಂದು ಬರೆಯುವುದುಂಟು. ಹಿಡಿದದ್ದು ಒಂದು ಅಟ್ಟೆಗೋ ಮೂರಕ್ಕೋ ಎಂದು ಕೇಳಿ. ಅವರೇ ತಿದ್ದಿಕೊಳ್ಳುತ್ತಾರೆ.

ಆವರಣದ ಮುಂದೆ ಕಳೆಯುವ ಚಿಹ್ನೆ ಇದ್ದರೆ ಇನ್ನೂ ಜಾಗ್ರತೆ ಬೇಕು. 'ಬ' ರೂಪಾಯಿಯ ಸಾಮಾನಿಗೆ ಅಂಗಡಿಯವರು 20 ರೂಪಾಯಿ ಬಿಟ್ಟರು. ನೀವು 500ರ ನೋಟು ಕೊಟ್ಟಿರಿ. ಬರಬೇಕಾದ ಚಿಲ್ಲರೆ 500 − (ಬ − 20), ಅಂದರೆ 520 − ಬ. ಮಗು 500 − ಬ − 20 ಎಂದು ಬರೆದರೆ ನಿಮಗೆ ಸಿಗಬೇಕಾದ 40 ರೂಪಾಯಿ ಅಂಗಡಿಯಲ್ಲೇ ಉಳಿಯಿತು.

ಬೀಜಗಣಿತ ಕಲಿಯದ ತಾಯಿಯೂ ನೋಡಬಹುದು

ಉತ್ತರ ಸರಿಯೋ ಎಂದು ತಿಳಿಯಲು ಒಂದು ದಾರಿ ಇದೆ. ಅಕ್ಷರದ ಬದಲು ಒಂದು ಸಂಖ್ಯೆ ಹಾಕಿ, ಕೊಟ್ಟ ಲೆಕ್ಕ ಮತ್ತು ಮಗುವಿನ ಉತ್ತರ ಎರಡರಲ್ಲೂ ಒಂದೇ ಮೊತ್ತ ಬರುತ್ತದೆಯೇ ನೋಡಿ. ಮೇಲಿನ ಲೆಕ್ಕದಲ್ಲಿ ಬ ಬದಲು 100 ಹಾಕಿದರೆ 500 − 80 = 420, 520 − 100 = 420. ಸರಿಯಾಯಿತು. ತಪ್ಪು ಉತ್ತರದಲ್ಲಿ 380 ಬರುತ್ತದೆ.

ಆದರೆ 0, 1, 2 ಹಾಕಬೇಡಿ. ಎರಡೂ ಅಕ್ಷರಗಳಿಗೆ 1 ಹಾಕಿದರೆ 3ಅ + 2ನ ಕೂಡ 5, ತಪ್ಪಾದ 5ಅನ ಕೂಡ 5. ಅ ಬದಲು 2 ಹಾಕಿದರೆ ಅ + ಅ ಕೂಡ 4, ಅ × ಅ ಕೂಡ 4. ತಪ್ಪು ಅಡಗಿಕೊಳ್ಳುತ್ತದೆ. 5, 7, 10ರಂಥ ಸಂಖ್ಯೆ ಹಾಕಿ, ಎರಡು ಸಲ ನೋಡಿ. ಮೊತ್ತ ಬೇರೆ ಬಂದರೆ ಬೈಯದೆ 'ಎಲ್ಲಿ ತಪ್ಪಿತು, ಹುಡುಕು' ಎಂದರೆ ಸಾಕು.

ಪಾಲಿನ ಲೆಕ್ಕ

ಅಲ್ ಖ್ವಾರಿಝ್ಮಿಯವರ ಗ್ರಂಥದ ದೊಡ್ಡ ಭಾಗ ವಸಿಯ್ಯತ್ ಮತ್ತು ವಾರಸು ಪಾಲಿನ ಲೆಕ್ಕಗಳೇ. ಒಂದು ಸಣ್ಣ ಉದಾಹರಣೆ ನೋಡೋಣ. ಸಾಲ, ವಸಿಯ್ಯತ್ ತೀರಿದ ಮೇಲೆ 8 ಲಕ್ಷ ರೂಪಾಯಿ ಉಳಿದಿದೆ. ವಾರಸುದಾರರು ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಮಾತ್ರ. ಪತ್ನಿಗೆ ಎಂಟನೇ ಒಂದು ಪಾಲು, 1 ಲಕ್ಷ. ಉಳಿದ 7 ಲಕ್ಷದಲ್ಲಿ ಮಗಳ ಪಾಲು 'ಮ' ಎಂದರೆ ಮಗನ ಪಾಲು 2ಮ. ಒಟ್ಟು 2ಮ + ಮ + ಮ = 4ಮ. ಆದ್ದರಿಂದ ಮ = 1,75,000. ಪ್ರತಿ ಮಗಳಿಗೆ 1,75,000 ರೂಪಾಯಿ, ಮಗನಿಗೆ 3,50,000 ರೂಪಾಯಿ. ಈ ಲೆಕ್ಕ ಮಾಡಲು ಬರುವ ಹೆಣ್ಣುಮಗಳಿಗೆ ತನ್ನ ಹಕ್ಕು ಎಷ್ಟೆಂದು ಬೇರೆಯವರು ಹೇಳಬೇಕಾಗಿಲ್ಲ.

ಅರ್ಜಿದಾರರಿಗೆ ಮತ್ತು ದಾನಿಗಳಿಗೆ

ಏಳು ಮತ್ತು ಎಂಟನೇ ತರಗತಿಯ ಅರ್ಜಿದಾರರು ಸಂದರ್ಶನಕ್ಕೆ ಬರುವಾಗ ಅಂಕಪಟ್ಟಿಯ ಜೊತೆ ಗಣಿತದ ನೋಟ್‌ಬುಕ್ಕನ್ನೂ ತರಬೇಕಾಗಿ ವಿನಂತಿ. ತಪ್ಪುಗಳಿದ್ದರೆ ಅರ್ಜಿ ತಿರಸ್ಕರಿಸುವುದಿಲ್ಲ. ಮಗು ಎಲ್ಲಿ ನಿಂತಿದೆ ಎಂದು ತಿಳಿಯುವುದಷ್ಟೇ ನಮ್ಮ ಉದ್ದೇಶ. ಎಂಟನೇ ತರಗತಿಯವರು ಎನ್‌ಎಂಎಂಎಸ್ ಅರ್ಜಿಯ ಬಗ್ಗೆ ತಮ್ಮ ಶಾಲೆಯ ಮುಖ್ಯೋಪಾಧ್ಯಾಯರನ್ನು ಈಗಲೇ ವಿಚಾರಿಸಿರಿ.

ದಾನಿಗಳು ಕೊಡುವ ಹಣದಿಂದ ಶುಲ್ಕ, ಪುಸ್ತಕಗಳ ಖರ್ಚು ನಡೆಯುತ್ತದೆ. ಅದರ ಜೊತೆಗೆ ಬೀಜಗಣಿತ ಕಲಿತ ದೊಡ್ಡವರು ತಮ್ಮ ಊರಿನ ಮಕ್ಕಳ ಜೊತೆ ವಾರಕ್ಕೆ ಒಂದು ಗಂಟೆ ಕುಳಿತರೆ ಅದೂ ದಾನವೇ. ಅಲ್ಲಾಹನು ಎಲ್ಲರ ಸೇವೆಯನ್ನು ಸ್ವೀಕರಿಸಲಿ.