ಕಾಲವೋ ಕಾರಣವೋ?

ಬೇಡಕಿಹಾಳದ ಓದುಗರ ಪ್ರಶ್ನೆ: ‘ಸಿನ್ಸ್’, ‘ಆ್ಯಸ್’, ‘ಬಿಕಾಸ್’ಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ಕಾರಣವನ್ನೇ ಒತ್ತಿ ಹೇಳಬೇಕಿದ್ದರೆ ‘ಬಿಕಾಸ್’ ಹಿಡಿಯಿರಿ; ಅದಕ್ಕೆ ಕಾಲದ ಅರ್ಥವೇ ಇಲ್ಲ. ಉಳಿದೆರಡಕ್ಕೂ ಎರಡೂ ಅರ್ಥವುಂಟು. ‘ಆ್ಯಸ್ ದ ರಿವರ್ ರೋಸ್, ವಿ ಮೂವ್ಡ್ ದ ಕ್ಯಾಟಲ್’ ಎಂದರೆ ದೂಧಗಂಗೆ ನದಿ ಏರುತ್ತಿದ್ದಾಗ ದನ ಸಾಗಿಸಿದೆವೋ, ಏರಿದ್ದರಿಂದಲೋ? ವಾಕ್ಯ ಬಾಯಿ ಬಿಡುವುದಿಲ್ಲ. ಅರ್ಜಿ, ವರದಿಗಳಲ್ಲಿ ಕಾರಣಕ್ಕೆ ‘ಆ್ಯಸ್’ ಬೇಡವೆನ್ನುವುದು ಅದಕ್ಕೇ. ‘ಸಿನ್ಸ್’ ಅಷ್ಟು ಕಾಡುವುದಿಲ್ಲ. ‘ಸಿನ್ಸ್ ದ ಕೆನಾಲ್ ಕೇಮ್, ವಿ ಹ್ಯಾವ್ ಗ್ರೋನ್ ಕೇನ್’ ಎಂಬಲ್ಲಿ ‘ಬಂದಾಗಿನಿಂದ’, ‘ಬಂದದ್ದರಿಂದ’ ಎರಡೂ ಸಾಧ್ಯ, ನಿಜ. ಆದರೆ ‘ಸಿನ್ಸ್ ದ ಕೆನಾಲ್ ಈಸ್ ಡ್ರೈ’ ಎಂದೊಡನೆ ವರ್ತಮಾನದ ಕ್ರಿಯಾಪದವೇ ಕಾರಣವನ್ನು ಬಯಲು ಮಾಡುತ್ತದೆ.

ಕಾರಣಕ್ಕೆ ‘ಸಿನ್ಸ್’ ಬಳಸುವುದೇ ತಪ್ಪೆಂದು ಕೆಲವು ಮೇಷ್ಟ್ರುಗಳು ಕೆಂಪು ಶಾಯಿಯಲ್ಲಿ ಗೀಟೆಳೆಯುತ್ತಾರೆ. ಒಪ್ಪಲಾಗದು, ಇಂಗ್ಲಿಷಿನವರು ಶತಮಾನಗಳಿಂದ ಹಾಗೆ ಬರೆದಿದ್ದಾರೆ. ನಮ್ಮ ‘ಇಂದ’ವನ್ನೇ ನೋಡಿ: ‘ನಿನ್ನೆಯಿಂದ ಜ್ವರ’ ಎಂದರೆ ಕಾಲ, ‘ಮಳೆಯಿಂದ ಕಬ್ಬು ಮಲಗಿತು’ ಎಂದರೆ ಕಾರಣ. ಯಾರೂ ತಡವರಿಸುವುದಿಲ್ಲ. ಕೇಳುವವರಿಗೆ ಗೊತ್ತಿರುವ ಕಾರಣವನ್ನು ಮೊದಲೇ ಹೇಳಿ ಮುಂದೆ ಸಾಗಲು ‘ಸಿನ್ಸ್’ ಚೆಂದ. ‘ವೈ?’ ಎಂಬ ನೇರ ಪ್ರಶ್ನೆಗೆ ಮಾತ್ರ ಅದು ನಡೆಯದು, ಅಲ್ಲಿ ‘ಬಿಕಾಸ್’ ಬೇಕೇ ಬೇಕು.