ಪಾರಿವಾಳದ ಹಿಕ್ಕೆಯಿಂದ ಮಿದುಳಿನವರೆಗೆ: ಒಂದು ಶಿಲೀಂಧ್ರದ ಸ್ವಿಚ್ಚುಗಳು

ನ್ಯೂಯಾರ್ಕಿನ ಪಾರಿವಾಳಗಳ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್ ಅನ್ನೋ ಯೀಸ್ಟ್ ಬೆಳೆಯುತ್ತೆ. ಹಿಕ್ಕೆ ಒಣಗಿ ಧೂಳಾದಾಗ ನಾವದನ್ನ ಉಸಿರಾಡ್ತೀವಿ. ಬ್ರಾಂಕ್ಸ್‌ನ ಮಕ್ಕಳ ರಕ್ತ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷ ದಾಟಿದ ಬಹುಪಾಲು ಮಕ್ಕಳಲ್ಲಿ ಇದರ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಅಂದ್ರೆ ಇದು ಮೈಯೊಳಗೆ ಹೋಗೋದು ಸಾಮಾನ್ಯ, ಕಾಯಿಲೆ ಬರೋದು ಅಪರೂಪ. ಹೆಚ್ಚಾಗಿ ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಇದು ಮಿದುಳಿನ ಪೊರೆಗೆ ಇಳಿಯುತ್ತೆ. ಏಡ್ಸ್‌ನ ಆರಂಭದ ವರ್ಷಗಳಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳು ಇದನ್ನ ತುಂಬಾ ಕಂಡವು.

ಹಿಕ್ಕೆಯಲ್ಲಿದ್ದಾಗಲೂ ಶ್ವಾಸಕೋಶದಲ್ಲಿದ್ದಾಗಲೂ ಜೀನುಗಳು ಅವೇ. ವೇಷ ಮಾತ್ರ ಬೇರೆ. ಇದರ ಚೌಕಿ ಎಲ್ಲಿದೆ?

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.04ರಷ್ಟು, ನಮ್ಮ ಮೈಯೊಳಗೆ ಸುಮಾರು ಶೇ 5. ಜೊತೆಗೆ 37 ಡಿಗ್ರಿ ಶಾಖ, ಕಬ್ಬಿಣದ ಕೊರತೆ. ಇಷ್ಟು ಗೊತ್ತಾದ ಕೂಡಲೇ ಕೋಶ ತನ್ನ ಸುತ್ತ ದಪ್ಪ ಸಕ್ಕರೆಯ ಹೊದಿಕೆ ಕಟ್ಟಿಕೊಳ್ಳುತ್ತೆ, ನಮ್ಮ ಬಿಳಿ ರಕ್ತಕಣಗಳಿಗೆ ನುಂಗೋದು ಕಷ್ಟವಾಗ್ಲಿ ಅಂತ. ಕಬ್ಬಿಣದ ಸುದ್ದಿ ತಲುಪಿಸೋದು ಸಿಐಆರ್1 ಅನ್ನೋ ಪ್ರೋಟೀನ್. ಯಾವ ಜೀನು ಓದಬೇಕು, ಯಾವುದನ್ನ ಮುಚ್ಚಿಡಬೇಕು ಅಂತ ಅದು ಹೇಳುತ್ತೆ. ಅದನ್ನ ತೆಗೆದುಹಾಕಿದರೆ ಹೊದಿಕೆಯೂ ಇಲ್ಲ, ಇಲಿಗಳಿಗೆ ಕಾಯಿಲೆಯೂ ಇಲ್ಲ. ಜಿಎಟಿ201 ಅನ್ನೋದು ಇನ್ನೂ ಚಾಲಾಕಿ: ಹೊದಿಕೆಯ ಹಂಗಿಲ್ಲದೆಯೂ ನುಂಗಿಸಿಕೊಳ್ಳದ ಹಾಗೆ ಮಾಡುತ್ತೆ. ಬ್ರೇಕುಗಳೂ ಇವೆ. ಪಿಕೆಆರ್1 ಅಂಥದ್ದೊಂದು, ಅದನ್ನ ಕಿತ್ತರೆ ಹೊದಿಕೆ ಉಬ್ಬಿ, ಶಿಲೀಂಧ್ರ ಮೊದಲಿಗಿಂತ ಉಗ್ರವಾಗುತ್ತೆ.

ಇದೆಲ್ಲ ಯಾಕೆ ಬೇಕು ಅಂತೀರಾ? ಶಿಲೀಂಧ್ರದ ಕೋಶ ನಮ್ಮ ಕೋಶಕ್ಕೆ ಹತ್ತಿರದ ನೆಂಟ. ಅದನ್ನ ಕೊಲ್ಲೋ ಮದ್ದು ನಮಗೂ ತಾಗುತ್ತೆ. ಆಂಫೊಟೆರಿಸಿನ್ ತಗೊಂಡವರ ಮೂತ್ರಪಿಂಡಗಳನ್ನ ಕೇಳಿ.

ಈಗ ಹಡ್ಸನ್ ದಾಟಿ ನ್ಯೂಜೆರ್ಸಿಗೆ ಬನ್ನಿ. ನೆವಾರ್ಕ್‌ನಲ್ಲಿ ರಟ್ಗರ್ಸ್‌ನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಚಾಓಯಾಂಗ್ ಷುಎ ಅವರ ತಂಡ ಎಫ್‌ಬಿಪಿ1 ಅನ್ನೋ ಪ್ರೋಟೀನಿನ ಬೆನ್ನು ಹತ್ತಿತು. ಇದು ಜೀನನ್ನ ಆನ್ ಮಾಡೋದಲ್ಲ. ತಯಾರಾದ ಪ್ರೋಟೀನುಗಳಲ್ಲಿ ಯಾವುದನ್ನ ಗುಜರಿಗೆ ಹಾಕಬೇಕು ಅಂತ ಆರಿಸುತ್ತೆ. ಇದಿಲ್ಲದ ಶಿಲೀಂಧ್ರಕ್ಕೆ ಹೊದಿಕೆ ಇದೆ, 37 ಡಿಗ್ರಿಯಲ್ಲಿ ಬೆಳೆಯುತ್ತೆ, ಆದರೂ ಇಲಿಗಳಲ್ಲಿ ಸೋಲುತ್ತೆ. ಅದನ್ನೇ ಶಾಖದಿಂದ ಕೊಂದು ಲಸಿಕೆಯಾಗಿ ಕೊಟ್ಟಾಗ, ಏಡ್ಸ್‌ನಲ್ಲಿ ನಾಶವಾಗೋ ಸಿಡಿ4 ಕಣಗಳನ್ನ ತೆಗೆದ ಇಲಿಗಳೂ ಸೋಂಕಿನಿಂದ ಪಾರಾದವು. 2019ರಲ್ಲಿ ಪ್ರಕಟವಾದ ಫಲಿತಾಂಶ ಇದು. ಲಸಿಕೆ ಯಾರಿಗೆ ಹೆಚ್ಚು ಬೇಕೋ, ಅವರಲ್ಲಿ ಇಲ್ಲದಿರೋದೂ ಆ ಕಣಗಳೇ ನೋಡಿ.